ಅಲಮೇಲಮ್ಮನ ಮರಳಿನಲ್ಲಿ ಒಂದು ಹಗಲು

ನಮ್ಮ ಬಾಲ್ಯದಲ್ಲಿ ತಲಕಾಡಿನ ಪ್ರಸ್ತಾಪ ಬಂದಾಗಲೆಲ್ಲ ಹಿರಿಯರ ದನಿ ತಾನಾಗಿಯೇ ತಗ್ಗುತ್ತಿದ್ದಿತು. ಹೊತ್ತು ಮುಳುಗಿದ ಮೇಲೆ ಆ ಮರಳುದಿಬ್ಬಗಳ ನಡುವೆ ನಿಲ್ಲಬಾರದೆಂದೂ, ಹೆಣ್ಣೊಬ್ಬಳು ಒಡಲುರಿದು ಆಡಿದ ಮಾತು ಅಲ್ಲಿ ಇನ್ನೂ ಸುಳಿದಾಡುತ್ತಿರುವುದೆಂದೂ ಅಜ್ಜಿ ಹೇಳುವಾಗ, ಕೇಳುತ್ತಿದ್ದ ನಾವು ಮಕ್ಕಳು ಒಬ್ಬರಿಗೊಬ್ಬರು ಒತ್ತಿಕೊಂಡು ಕುಳಿತುಕೊಳ್ಳುತ್ತಿದ್ದೆವು. ಆ ಭಯ ವಯಸ್ಸಿನೊಡನೆ ಕರಗಿತಾದರೂ ಕುತೂಹಲ ಮಾತ್ರ ಉಳಿಯಿತು. ಮೈಸೂರಿನಿಂದ ತಲಕಾಡಿಗೆ ಇರುವ ದೂರ ಸುಮಾರು 45 ಕಿಲೋಮೀಟರು. ಬೆಳಗಿನ ಬಸ್ಸು ಹಿಡಿದರೆ ಕಾವೇರಿ ಕಪಿಲೆಯರು ಕೂಡುವ ತಿರುಮಕೂಡಲು ನರಸೀಪುರವನ್ನು ದಾಟಿ, ಕಬ್ಬು ಬತ್ತದ ಗದ್ದೆಗಳ ನಡುವಣ ಹಾದಿಯಲ್ಲಿ ಸಾಗಿ, ಬಿಸಿಲೇರುವ ಮೊದಲೇ ಊರು ಸೇರಬಹುದು.

ಊರೇನೋ ಎಲ್ಲ ಊರುಗಳಂತೆಯೇ ಇದೆ. ಹಂಚಿನ ಮನೆಗಳು, ಹೋಟೆಲು, ಶಾಲೆಗೆ ಹೊರಟ ಮಕ್ಕಳು, ಜಗುಲಿಯ ಮೇಲೆ ಪತ್ರಿಕೆ ಓದುತ್ತಿರುವ ಮುದುಕರು. ಆದರೆ ವೈದ್ಯೇಶ್ವರನ ಗುಡಿಯ ಹಿಂಬದಿಗೆ ನಾಲ್ಕು ಹೆಜ್ಜೆ ನಡೆದೆವೆಂದರೆ ನೆಲದ ಸ್ವಭಾವವೇ ಬದಲಾಗಿಬಿಡುತ್ತದೆ. ಕಾಲು ಹೂತು, ಎತ್ತಿಟ್ಟ ಹೆಜ್ಜೆ ಅರ್ಧ ಹಿಂದಕ್ಕೆ ಜಾರುತ್ತದೆ. ನೀಲಗಿರಿ ಮರಗಳ ತೋಪಿನೊಳಗೆ ಗಾಳಿಯ ಸದ್ದಲ್ಲದೆ ಬೇರೆ ಸದ್ದಿಲ್ಲ. ಸಮುದ್ರವೂ ಇಲ್ಲದ, ಮರುಭೂಮಿಯೂ ಅಲ್ಲದ, ಹಸಿರು ಗದ್ದೆಗಳ ನಾಡಿನ ನಟ್ಟನಡುವೆ ಈ ಮರಳಿನ ಗುಡ್ಡಗಳು ಎಲ್ಲಿಂದ ಬಂದುವೆಂಬ ಪ್ರಶ್ನೆ ಯಾರ ಮನಸ್ಸಿನಲ್ಲಾದರೂ ಏಳದಿರದು. ಈ ಪ್ರಶ್ನೆಗೆ ನಾಡು ಕೊಟ್ಟುಕೊಂಡ ಉತ್ತರವೇ ಅಲಮೇಲಮ್ಮನ ಕಥೆ.

ತಲಕಾಡು ಒಂದು ಕಾಲಕ್ಕೆ ರಾಜಧಾನಿ. ಗಂಗ ಅರಸರು ಕೋಲಾರವನ್ನು ಬಿಟ್ಟು ಬಂದು ಇದನ್ನು ತಮ್ಮ ನೆಲೆಯನ್ನಾಗಿ ಮಾಡಿಕೊಂಡರು. ಶಾಸನಗಳಲ್ಲಿ ಇದರ ಹೆಸರು ತಲವನಪುರ. ಹನ್ನೊಂದನೆಯ ಶತಮಾನದ ಆದಿಯಲ್ಲಿ ಚೋಳರು ಗೆದ್ದು ರಾಜರಾಜಪುರವೆಂದು ಕರೆದರು. ಹೊಯ್ಸಳ ವಿಷ್ಣುವರ್ಧನನು ಅವರನ್ನು ಓಡಿಸಿ ‘ತಲಕಾಡುಗೊಂಡ’ನೆಂಬ ಬಿರುದನ್ನು ಧರಿಸಿದನಲ್ಲದೆ, ಆ ವಿಜಯದ ನೆನಪಿಗಾಗಿ 1117ರಲ್ಲಿ ಕೀರ್ತಿನಾರಾಯಣನನ್ನು ಪ್ರತಿಷ್ಠಾಪಿಸಿದನು. ಬಳಿಕ ವಿಜಯನಗರದವರು ಬಂದರು.

1610ರಲ್ಲಿ ಮೈಸೂರಿನ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡಾಗ, ವಿಜಯನಗರದ ಪ್ರತಿನಿಧಿಯಾಗಿದ್ದ ತಿರುಮಲರಾಯನು ವ್ಯಾಧಿಗ್ರಸ್ತನಾಗಿ ತಲಕಾಡಿಗೆ ಬಂದನೆಂದೂ, ಅಲ್ಲಿಯೇ ತೀರಿಕೊಂಡನೆಂದೂ ಹೇಳುವರು. ವಿಧವೆಯಾದ ಅಲಮೇಲಮ್ಮ ಎದುರುದಡದ ಮಾಲಂಗಿಯಲ್ಲಿ ನೆಲಸಿದಳು. ಆಕೆಯ ಬಳಿಯಿದ್ದ ಒಡವೆಗಳು ಶ್ರೀರಂಗಪಟ್ಟಣದ ರಂಗನಾಯಕಿಯ ಅಲಂಕಾರಕ್ಕೆ ಸಲ್ಲುತ್ತಿದ್ದವು. ಅವನ್ನು ತಂದೊಪ್ಪಿಸಬೇಕೆಂದು ಅರಮನೆಯಿಂದ ಅಪ್ಪಣೆಯಾಗಲು, ಆಕೆ ಮುತ್ತಿನ ಮೂಗುತಿಯೊಂದನ್ನು ಕಳುಹಿಸಿ ಉಳಿದುದನ್ನು ಕೊಡಲೊಪ್ಪಲಿಲ್ಲ. ಸೈನಿಕರು ಬೆನ್ನಟ್ಟಿದರು. ಒಡವೆಗಳನ್ನು ಸೆರಗಿಗೆ ಕಟ್ಟಿಕೊಂಡು, ತಲಕಾಡು ಮರಳಾಗಲೆಂದೂ ಮಾಲಂಗಿ ಮಡುವಾಗಲೆಂದೂ ಮೈಸೂರ ಅರಸರಿಗೆ ಸಂತಾನವಿಲ್ಲದಿರಲೆಂದೂ ಶಪಿಸಿ ಆಕೆ ಕಾವೇರಿಗೆ ಹಾರಿದಳು.

ಗುಡಿಯ ಬಾಗಿಲಲ್ಲಿ ಹೂ ಮಾರುತ್ತಿದ್ದ ಮುದುಕಿಯೊಬ್ಬಳನ್ನು ನಾನು, ‘ಇದೆಲ್ಲ ನಿಜವೇನಮ್ಮ?’ ಎಂದು ಕೇಳಿದೆ. ಆಕೆ ದಾರಕ್ಕೆ ಹೂ ಸೇರಿಸುತ್ತಿದ್ದ ಕೈಯನ್ನು ನಿಲ್ಲಿಸದೆಯೇ, ‘ನೊಂದೋರ ಮಾತು ಸುಳ್ಳಾದೀತಾ ಸ್ವಾಮಿ?’ ಎಂದಳು. ದೆವ್ವದ ಮಾತು ಆಕೆಯ ಬಾಯಲ್ಲಿ ಬರಲಿಲ್ಲ. ಹೊರಗಿನವರಾದ ನಮಗೆ ಭಯದ ಊರಾಗಿ ಕಾಣುವುದು ಆ ಊರಿನವರಿಗೆ ಅನ್ಯಾಯವೊಂದರ ನೆನಪಿನ ಊರಾಗಿ ಕಾಣುತ್ತದೆಂಬುದು ನನಗೆ ಹೊಳೆದುದು ಆಗ.

ಮರಳಿನ ಹಿಂದಿರುವ ಪ್ರಕೃತಿಯ ವ್ಯಾಪಾರವೂ ಕಥೆಗಿಂತ ಕಡಮೆ ಸ್ವಾರಸ್ಯದ್ದಲ್ಲ. ಕಾವೇರಿ ಇಲ್ಲಿ ದೊಡ್ಡದೊಂದು ಬಾಗು ತೆಗೆದುಕೊಳ್ಳುತ್ತಾಳೆ. ಬಾಗಿನ ಒಳಮಗ್ಗುಲಲ್ಲಿ ನೀರಿನ ವೇಗ ತಗ್ಗುವುದರಿಂದ ಹೊತ್ತುತಂದ ಮರಳು ಅಲ್ಲಿಯೇ ಉಳಿಯುತ್ತದೆ. ಹೊರಮಗ್ಗುಲಲ್ಲಿ ವೇಗ ಹೆಚ್ಚಿ ದಡವನ್ನು ಕೊರೆದು ಆಳವಾದ ಮಡುವನ್ನು ಮಾಡುತ್ತದೆ. ಒಳಮಗ್ಗುಲಲ್ಲಿರುವುದು ತಲಕಾಡು, ಹೊರಮಗ್ಗುಲಲ್ಲಿರುವುದು ಮಾಲಂಗಿ. ಶಾಪದ ಮೊದಲ ಎರಡು ವಾಕ್ಯಗಳೂ ನದಿಯ ಒಂದೇ ತಿರುವಿನಲ್ಲಿ ಅಡಗಿವೆ! ಇದರ ಮೇಲೆ, ವಿಜಯನಗರದ ಮಂತ್ರಿ ಮಾಧವನ ಹೆಸರನ್ನು ಹೊತ್ತ ಅಣೆಕಟ್ಟೊಂದು ಮೇಲುಹೊಳೆಯಲ್ಲಿ ಅಲಮೇಲಮ್ಮನಿಗಿಂತ ಬಹು ಹಿಂದೆಯೇ ಕಟ್ಟಲ್ಪಟ್ಟು ನೀರು ಕಾಲುವೆಗಳಿಗೆ ತಿರುಗಿದುದರಿಂದ, ಹೊಳೆಯ ಪಾತ್ರದ ಮರಳು ಬಿಸಿಲಿಗೆ ಬಿದ್ದು ಒಣಗಿತೆಂದೂ, ಆಷಾಢದ ನೈರುತ್ಯದ ಗಾಳಿ ಅದನ್ನು ವರ್ಷವರ್ಷವೂ ಊರಿನ ಮೇಲೆ ಸುರಿಯಿತೆಂದೂ ಬಲ್ಲವರು ವಿವರಿಸುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬಿ. ಎಲ್. ರೈಸರು ಸಿದ್ಧಪಡಿಸಿದ ಮೈಸೂರು ಗೆಜೆಟಿಯರಿನ ಪ್ರಕಾರ, ಈ ದಿಬ್ಬಗಳು ವರ್ಷಕ್ಕೆ 9-10 ಅಡಿಗಳಷ್ಟು ಮುಂದೊತ್ತುತ್ತಿದ್ದವು. ಜನರು ಮತ್ತೆಮತ್ತೆ ಮನೆಗಳನ್ನು ಬಿಟ್ಟು ಹಿಂದೆ ಸರಿಯಬೇಕಾಗುತ್ತಿತ್ತು. ಮೂವತ್ತಕ್ಕೂ ಹೆಚ್ಚು ದೇವಾಲಯಗಳು ಅಡಿಯಲ್ಲಿದ್ದವೆಂದು ಪ್ರತೀತಿ. ಮಲಗುವ ಮನೆಯ ಗೋಡೆಗೆ ಮರಳು ಒರಗಿ ನಿಲ್ಲುವುದನ್ನು ಮುಂಗಾರಿನಿಂದ ಮುಂಗಾರಿಗೆ ನೋಡುತ್ತ ಬಾಳಿದ ಸಂಸಾರಗಳನ್ನು ನೆನೆದರೆ, ಅವರು ಅದಕ್ಕೆ ಒಂದು ಹೆಣ್ಣಿನ ಹೆಸರನ್ನು ಕೊಟ್ಟುದರಲ್ಲಿ ನನಗೆ ಮೌಢ್ಯ ಕಾಣದು.

ಮೂರನೆಯ ಶಾಪದ ವಿಷಯದಲ್ಲಿ ಲೆಕ್ಕ ಅಷ್ಟು ಸರಿಯಾಗಿ ಕೂಡಿಬರುವುದಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ದತ್ತು ತೆಗೆದುಕೊಂಡುದೂ, ನಾಲ್ವಡಿಯವರ ತರುವಾಯ ಪಟ್ಟ ಅವರ ತಮ್ಮನ ಮಗನಿಗೆ ಬಂದುದೂ ನಿಜ; ಆದರೆ ನಡುವಣ ಚಾಮರಾಜೇಂದ್ರ ಒಡೆಯರಿಗೆ ಗಂಡುಮಕ್ಕಳಿದ್ದರು. 2015ರಲ್ಲಿ ದತ್ತಾಗಿ ಬಂದ ಯದುವೀರರಿಗೆ 2017ರಲ್ಲಿ ಗಂಡುಮಗು ಹುಟ್ಟಿತು. ನನ್ನ ಮನಸ್ಸನ್ನು ಹೆಚ್ಚು ತಟ್ಟಿದುದು ಇನ್ನೊಂದು ಸಂಗತಿ: ಮೈಸೂರು ಅರಮನೆಯಲ್ಲಿ ಅಲಮೇಲಮ್ಮನ ಚಿನ್ನದ ಪ್ರತಿಮೆಯಿದ್ದು ಅದಕ್ಕೆ ಪೂಜೆ ಸಲ್ಲುತ್ತದೆ. ಗೆದ್ದವರು ತಾವು ನೋಯಿಸಿದ ಹೆಣ್ಣಿಗೆ ತಮ್ಮ ಮನೆಯೊಳಗೇ ಕೈಮುಗಿದ ಉದಾಹರಣೆಗಳು ಚರಿತ್ರೆಯಲ್ಲಿ ವಿರಳ.

ಮಧ್ಯಾಹ್ನ ಪಾತಾಳೇಶ್ವರನ ಗುಡಿಗೆ ಇಳಿದೆ. ಸುತ್ತಲೂ ಮರಳಿನ ಗೋಡೆ, ನಡುವೆ ಬಾವಿಯಂತಹ ತಗ್ಗಿನಲ್ಲಿ ಗುಡಿ. ಗುಡಿಗೆ ಹೋಗಬೇಕಾದರೆ ಮೆಟ್ಟಿಲೇರುವ ನಮ್ಮ ರೂಢಿ ಇಲ್ಲಿ ತಲೆಕೆಳಗಾಗಿ, ಮೆಟ್ಟಿಲಿಳಿಯಬೇಕು. ಒಳಗೆ ಕಲ್ಲು ತಣ್ಣಗಿದ್ದಿತು. ಹೊರಬಂದು ನೋಡಿದರೆ, ಆಗತಾನೆ ಗುಡಿಸಿದ್ದ ಮೆಟ್ಟಿಲಿನ ಮೂಲೆಯಲ್ಲಿ ಒಂದು ಹಿಡಿಯಷ್ಟು ಮರಳು ಆಗಲೇ ಬಂದು ಕುಳಿತಿದ್ದಿತು. ಪಾತಾಳೇಶ್ವರ, ಮರಳೇಶ್ವರ, ವೈದ್ಯೇಶ್ವರ, ಅರ್ಕೇಶ್ವರ, ಮುಡುಕುತೊರೆಯ ಮಲ್ಲಿಕಾರ್ಜುನ, ಈ ಐವರ ಪಂಚಲಿಂಗ ದರ್ಶನ ಕಾರ್ತಿಕಮಾಸದಲ್ಲಿ ವಿಶೇಷ ಯೋಗ ಕೂಡಿದ ವರ್ಷ ಮಾತ್ರ ನಡೆಯುತ್ತದೆ. ಈಚಿನದು 2020ರಲ್ಲಿ ಆಯಿತು. ಆಗ ಮರಳನ್ನೆಲ್ಲ ಸರಿಸಿ ಗುಡಿಗಳನ್ನು ಸಿದ್ಧಪಡಿಸುವರು. ಜಾತ್ರೆ ಮುಗಿದ ಮೇಲೆ ಗಾಳಿ ತನ್ನ ಕೆಲಸವನ್ನು ಮತ್ತೆ ಆರಂಭಿಸುತ್ತದೆ.

ಸಂಜೆಯ ಬಸ್ಸಿಗೆ ಮುಂಚೆ ಹೊಳೆಯ ದಂಡೆಯಲ್ಲಿ ಸ್ವಲ್ಪ ಹೊತ್ತು ಕುಳಿತಿದ್ದೆ. ಈ ಬದಿಯಲ್ಲಿ ಮಕ್ಕಳು ಮೊಣಕಾಲುದ್ದದ ತಿಳಿನೀರಿನಲ್ಲಿ ಆಡುತ್ತಿದ್ದರು. ಹರಿಗೋಲಿನವನು ಕೊನೆಯ ಸುತ್ತಿಗೆ ಜನರನ್ನು ಕೂಗುತ್ತಿದ್ದನು. ಆಚೆಯ ನೀರು ಕಪ್ಪಾಗಿ, ಅಲೆಯಿಲ್ಲದೆ, ಬಲು ಶಾಂತವಾಗಿ ಕಾಣುತ್ತಿದ್ದಿತು. ಓದುಗರಲ್ಲಿ ತಲಕಾಡಿಗೆ ಹೋಗುವವರಿದ್ದರೆ ಅವರಲ್ಲಿ ನನ್ನದೊಂದೇ ಬಿನ್ನಹ: ಮರಳಿಗೆ ಹೆದರಬೇಕಾದುದೇನೂ ಇಲ್ಲ, ಆದರೆ ಮಾಲಂಗಿಯ ಕಡೆಯ ನೀರಿಗೆ ಇಳಿಯಬೇಡಿ, ಅಲ್ಲಿ ಮಡು ಇದೆ.