ಕಡಲಂಚಿನ ಪ್ರಯೋಗಶಾಲೆ ಕಾರವಾರ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಪ್ರಾಣಿಶಾಸ್ತ್ರದ ವಿದ್ಯಾರ್ಥಿ ಸಮುದ್ರನಕ್ಷತ್ರವನ್ನು ಮೊದಲು ನೋಡುವುದು ಸಾಮಾನ್ಯವಾಗಿ ಫಾರ್ಮಲಿನ್ ತುಂಬಿದ ಗಾಜಿನ ಜಾಡಿಯಲ್ಲಿ. ಬಣ್ಣ ಹೋಗಿರುತ್ತದೆ, ಚಲನೆಯಂತೂ ಇಲ್ಲ. ಜೀವಂತ ಪ್ರಾಣಿಯನ್ನು ಅಭ್ಯಸಿಸಬೇಕಾದರೆ ಪ್ರಯೋಗಶಾಲೆಯೇ ಕಡಲ ಬಳಿಗೆ ಹೋಗಬೇಕು.

ಜರ್ಮನಿಯ ಆಂಟನ್ ಡೋರ್ನ್ ಅವರು 1872ರಲ್ಲಿ ಇಟಲಿಯ ನೇಪಲ್ಸ್‌ನಲ್ಲಿ ಇಂಥ ಕೇಂದ್ರವೊಂದನ್ನು ಸ್ಥಾಪಿಸಿದರು. ವಿಶ್ವವಿದ್ಯಾಲಯಗಳು ಅಲ್ಲಿ ಬಾಡಿಗೆ ತೆತ್ತು ಒಂದೊಂದು ಮೇಜು ಪಡೆಯುತ್ತಿದ್ದವು. ಅವು ಕಳಿಸಿದ ಸಂಶೋಧಕರಿಗೆ ಮೇಜಿನ ಜೊತೆಗೆ ಉಪಕರಣಗಳೂ ಆಗತಾನೇ ಹಿಡಿದ ಪ್ರಾಣಿಗಳೂ ದೊರೆಯುತ್ತಿದ್ದವು.

ನಮ್ಮ ದೇಶದಲ್ಲಿ ಕೇಂದ್ರೀಯ ಸಾಗರ ಮತ್ಸ್ಯ ಸಂಶೋಧನಾ ಸಂಸ್ಥೆ ಆರಂಭವಾದದ್ದು 1947ರಲ್ಲಿ. ಅದರ ಮೊದಲ ವರ್ಷಗಳಲ್ಲೇ ಕಾರವಾರದಲ್ಲಿ ಬಂಗುಡೆ ಮೀನಿನ ಅಧ್ಯಯನ ನಡೆಯಿತು, ಎಲ್.ಬಿ. ಪ್ರಧಾನ್ ಅವರ ವಿಸ್ತೃತ ಪ್ರಬಂಧ 1956ರಲ್ಲಿ ಪ್ರಕಟವಾಯಿತು. ಕಾರವಾರವೇ ಏಕೆ? ಮಳೆಗಾಲದಲ್ಲಿ ಕಡಲಿನ ಆಳದ ತಣ್ಣೀರು ಕರಾವಳಿಯ ಬಳಿ ಮೇಲೇರಿ ಪೋಷಕ ಲವಣಗಳನ್ನು ತರುತ್ತದೆ. ಅದರಿಂದ ಪ್ಲವಕಗಳು ಹೇರಳವಾಗುತ್ತವೆ. ಪ್ಲವಕ ತಿನ್ನುವ ಬಂಗುಡೆ ಮಳೆ ನಿಂತ ಮೇಲೆ ಹಿಂಡುಹಿಂಡಾಗಿ ದಡದ ಬಳಿ ಬರುತ್ತದೆ. ಮೀನುಗಾರರು ನೂರಾರು ಮೀಟರ್ ಉದ್ದದ ರಂಪಣಿ ಬಲೆಯನ್ನು ಅರ್ಧಚಂದ್ರಾಕಾರವಾಗಿ ಬಿಟ್ಟು ದಡದಿಂದಲೇ ಎಳೆಯುತ್ತಿದ್ದರು. ಹೀಗೆ ಸಂಶೋಧಕರ ಕಾಲ ಬಳಿಗೇ ಮಾದರಿಗಳು ಬಂದು ಬೀಳುತ್ತಿದ್ದವು!

ಇಂಥ ಕೇಂದ್ರದ ಕೆಲಸ ಹೊರಗಿನವರಿಗೆ ನೀರಸವೆನಿಸೀತು. ಮೀನಿನ ಉದ್ದ ಅಳೆಯುವುದು, ಹೊಟ್ಟೆ ಸೀಳಿ ಆಹಾರ ನೋಡುವುದು, ಯಾವ ಬಲೆಗೆ ಎಷ್ಟು ಬಿತ್ತೆಂದು ಬರೆದಿಡುವುದು, ಮರುದಿನ ಮತ್ತೆ ಅದೇ. ಆದರೆ ಈ ಲೆಕ್ಕದ ಬೆಲೆ ತಿಳಿಯುವ ಕಾಲ ಬಂತು. 1970ರ ದಶಕದ ಮಧ್ಯದಲ್ಲಿ ಯಾಂತ್ರಿಕ ದೋಣಿಗಳ ಪರ್ಸೀನ್ ಬಲೆ ಕರ್ನಾಟಕದ ಕರಾವಳಿಗೆ ಬಂತು. ರಂಪಣಿಗಳು ಬರಿದಾಗತೊಡಗಿದವು. ಕಡಲಲ್ಲಿ ಮೀನೇ ಕಡಿಮೆಯಾಯಿತೋ, ದಡ ಮುಟ್ಟುವ ಮೊದಲೇ ಹಿಡಿಯಲಾಗುತ್ತಿತ್ತೋ? ರಂಪಣಿಯನ್ನೇ ನಂಬಿದ್ದ ಕುಟುಂಬಗಳಿಗೆ ಇದು ಅನ್ನದ ಪ್ರಶ್ನೆ. ಒಂದೊಂದು ಬಲೆಯ ಲೆಕ್ಕ ಬೇರೆಬೇರೆಯಾಗಿ ಇದ್ದುದರಿಂದಲೇ, ಬಂಗುಡೆ ಮತ್ತು ಬೂತಾಯಿಯ ಬಹುಪಾಲು ಪರ್ಸೀನಿಗೆ ಹೋಗುತ್ತಿದೆ ಎಂದು ತೋರಿಸಲು ಸಾಧ್ಯವಾಯಿತು.

ಶಿಕ್ಷಣದ ಹೊಣೆ ಹೊತ್ತದ್ದು ಕರ್ನಾಟಕ ವಿಶ್ವವಿದ್ಯಾಲಯ. ಧಾರವಾಡದ ಈ ವಿಶ್ವವಿದ್ಯಾಲಯ ತನ್ನ ಸಾಗರ ಜೀವಶಾಸ್ತ್ರ ವಿಭಾಗವನ್ನು 1970ರ ದಶಕದಲ್ಲಿ ಕಾರವಾರದ ಕೋಡಿಬಾಗದಲ್ಲಿ, ಕಾಳಿ ನದಿಯ ಅಳಿವೆಯ ಮಗ್ಗುಲಲ್ಲಿ ತೆರೆಯಿತು. ಜಾಗದ ಆಯ್ಕೆ ಸೊಗಸಾದದ್ದು. ಮಳೆಗಾಲದಲ್ಲಿ ಅಳಿವೆಯ ನೀರು ಸಿಹಿ, ಬೇಸಿಗೆಯಲ್ಲಿ ಉಪ್ಪು. ಅದರೊಂದಿಗೆ ಪ್ಲವಕ, ಚಿಪ್ಪುಮೀನುಗಳ ಬಾಳೂ ಬದಲಾಗುತ್ತದೆ. ಕಾಂಡ್ಲಾ ಕಾಡೂ ಕಲ್ಲುದಂಡೆಯೂ ಹತ್ತಿರದಲ್ಲೇ ಇವೆ. 2010ರಲ್ಲಿ ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯ ಆರಂಭವಾಗುವವರೆಗೆ ಬಾಗಲಕೋಟೆ ಸೀಮೆಯ ಕಾಲೇಜುಗಳೂ ಧಾರವಾಡದ ವ್ಯಾಪ್ತಿಯಲ್ಲೇ ಇದ್ದವು. ಅಂದರೆ ಕೋಡಿಬಾಗ ಇಲ್ಲಿನವರದೇ ವಿಶ್ವವಿದ್ಯಾಲಯದ ಒಂದು ಅಂಗಳ.

ಕಡಲನ್ನು ಕಂಡುಬಂದ ವಿದ್ಯಾರ್ಥಿಗೆ ಊರಿನ ಕಲ್ಲೂ ಬೇರೆಯಾಗಿ ಕಾಣುತ್ತದೆ. ಇಳಿತದ ವೇಳೆ ಮರಳಿನ ಮೇಲೆ ಉಳಿಯುವ ಅಲೆಗೆರೆಗಳನ್ನು ಹೋಲುವ ಗೆರೆಗಳು ಬಾಗಲಕೋಟೆ ಸುತ್ತಲಿನ ಕಲಾದಗಿ ಶಿಲಾಸಮೂಹದಲ್ಲೂ ಇವೆ. ಅಲ್ಲಿನ ಡೋಲೊಮೈಟ್‌ಗಳಲ್ಲಿ ಪದರಪದರವಾದ ಸ್ಟ್ರೊಮ್ಯಾಟೊಲೈಟ್‌ಗಳು ಸಿಗುತ್ತವೆ. ನೂರು ಕೋಟಿ ವರ್ಷಗಳಿಗೂ ಹಿಂದೆ ಆಳವಿಲ್ಲದ ಕಡಲಿನಲ್ಲಿ ಸೂಕ್ಷ್ಮಜೀವಿಗಳು ಕಟ್ಟಿದ ರಚನೆಗಳು ಅವು. ಇಳಕಲ್ಲಿನ ಕೆಂಪು ಗ್ರಾನೈಟಿನಲ್ಲಿ ಮಾತ್ರ ಇವನ್ನು ಹುಡುಕಬೇಡಿ. ಅದು ನೆಲದಾಳದ ಶಿಲಾರಸ ತಣಿದು ಗಟ್ಟಿಯಾದ ಕಲ್ಲು.