ಆನಂದಪುರ: ಆಳುಗಳ ಊರು, ಆಳುಗಳ ಚರ್ಚು

ಕಾಫಿ ಕೊಯ್ಲು ಶುರುವಾಯಿತೆಂದರೆ ಮೈಸೂರು ಸೀಮೆಯ ಹಳ್ಳಿಗಳಿಂದ ಕೊಡಗಿನ ಬಸ್ಸು ಹತ್ತುವವರು ಬಹಳ ಮಂದಿ. ಅವರಲ್ಲಿ ವಿರಾಜಪೇಟೆ ತಾಲ್ಲೂಕಿನ ಅಮ್ಮತ್ತಿ, ಸಿದ್ದಾಪುರದ ಕಡೆ ತೋಟಗಳಿಗೆ ಹೋದವರು ಆನಂದಪುರ ಎಂಬ ಹೆಸರನ್ನು ಕೇಳಿಯೇ ಇರುತ್ತಾರೆ. ಹೆಸರು ಕೇಳಿದರೆ ಯಾರೋ ರಾಜರು ಕಟ್ಟಿಸಿದ ಊರು ಅನ್ನಿಸುತ್ತದೆ. ಹಾಗೇನಿಲ್ಲ. ಇದು ಗೇಣು ಭೂಮಿ ಇಲ್ಲದ ಜೀತದಾಳುಗಳಿಗಾಗಿ ಎದ್ದ ಊರು.

ಅಂದಿನ ಕೊಡಗಿನಲ್ಲಿ ಹೊಲೆಯ ಸಮುದಾಯದವರ ಸ್ಥಿತಿ ಹೇಗಿತ್ತೆಂದರೆ, ಅವರಲ್ಲಿ ಎರಡು ಬಗೆ. ಭೂಮಿಜಮ್ಮದವರು ಜಮೀನಿಗೆ ಸೇರಿದವರು. ಗದ್ದೆ ಕೈ ಬದಲಾದರೆ ಗದ್ದೆಯ ಜೊತೆಗೆ ಅವರೂ ಹೊಸ ಒಡೆಯನ ಪಾಲು. ಒಕ್ಕಲುಜಮ್ಮದವರು ಮನೆತನಕ್ಕೆ ಸೇರಿದವರು. 1843ರಲ್ಲೇ ಕಂಪನಿ ಸರ್ಕಾರ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ಇಲ್ಲವೆಂದು ಕಾಯಿದೆ ಮಾಡಿತ್ತು. ಆದರೆ ಕಾಯಿದೆ ಕಾಗದದಲ್ಲಿ, ಆಳು ಗದ್ದೆಯಲ್ಲಿ!

ಹೊರಟವರು ನಿಂತರು

ಈ ಊರಿನ ಕಥೆಯಲ್ಲಿ ಬರುವ ಪಾದ್ರಿ ಹರ್ಮನ್ ಮೋಗ್ಲಿಂಗ್. ಬಾಸೆಲ್ ಮಿಷನ್ನಿನ ಈ ಜರ್ಮನ್ ಪಂಡಿತರು 1836ರಲ್ಲಿ ಮಂಗಳೂರಿಗೆ ಬಂದರು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರಡಿಸಿದವರು ಇವರೇ. ದಾಸರ ಪದಗಳನ್ನೂ ಜೈಮಿನಿ ಭಾರತವನ್ನೂ ಅಚ್ಚು ಹಾಕಿಸಿದವರು. ಇಷ್ಟು ಕೆಲಸ ಮುಗಿಸಿ 1852ರಲ್ಲಿ ಸ್ವದೇಶಕ್ಕೆ ಹೊರಡುವ ಯೋಚನೆಯಲ್ಲಿದ್ದಾಗ ಆಲ್ಮಂಡ ಸೋಮಯ್ಯ ಎಂಬ ಕೊಡವರು ದೀಕ್ಷಾಸ್ನಾನ ಬೇಡಿ ಬಂದರು. ಪಾದ್ರಿಗಳು ಹಡಗು ಹತ್ತುವ ಬದಲು ಘಟ್ಟ ಹತ್ತಿದರು. 1853ರಲ್ಲಿ ಸೋಮಯ್ಯ ಸ್ತೆಫನ ಸೋಮಯ್ಯ ಆದರು.

ಮೋಗ್ಲಿಂಗ್ ಎದುರು ನೋಡಿದ್ದು ಸೋಮಯ್ಯನವರ ಹಿಂದೆ ಗೌಡಿಕೆಯ ಮನೆತನಗಳು ಬಂದಾವೆಂದು. ಬಂದವರು ಆ ಮನೆತನಗಳ ಆಳುಗಳು. ಆಳು ಬಂದರೆ ಸಾಕೆ? ಒಡೆಯನನ್ನು ಬಿಟ್ಟವನಿಗೆ ಗುಡಿಸಲಿಲ್ಲ, ಕೂಳಿಲ್ಲ. ಅದಕ್ಕೇ ಆ ದಶಕದ ಕೊನೆಯ ವರ್ಷಗಳಲ್ಲಿ ಕಾಡು ಸವರಿ, ಕಾಫಿ ಗಿಡ ಇಟ್ಟು, ಮನೆ ಕಟ್ಟಿ ಆನಂದಪುರ ಮಾಡಿದ್ದು. ದುಡಿಮೆ ಮೊದಲು, ಸಭೆ ಜೊತೆಗೆ. ಪತ್ನಿಯ ಅನಾರೋಗ್ಯದಿಂದ ಮೋಗ್ಲಿಂಗ್ 1860ರಲ್ಲಿ ಜರ್ಮನಿಗೆ ಮರಳಿದರು. ಮತ್ತೆ ಬರಲಿಲ್ಲ. 1881ರಲ್ಲಿ ಅಲ್ಲೇ ತೀರಿಕೊಂಡರು. ಸಭೆ ಮಾತ್ರ ಇಲ್ಲೇ ಉಳಿಯಿತು.

ಎರಡು ಚರ್ಚು

ಮಡಿಕೇರಿ ಕೋಟೆಗೆ ಹೋದವರು ಅಲ್ಲಿನ ಸಂತ ಮಾರ್ಕರ ಚರ್ಚನ್ನು ನೋಡಿರಬಹುದು. ಹೆಚ್ಚೂಕಡಿಮೆ ಅದೇ ಕಾಲದ್ದು, ಇಂಗ್ಲಿಷ್ ಸೈನ್ಯದವರಿಗಾಗಿ ಕಟ್ಟಿದ್ದು. ಸ್ವಾತಂತ್ರ್ಯ ಬಂತು, ದೊರೆಗಳು ಹೋದರು, ಕೂರುವವರಿಲ್ಲದ ಕಟ್ಟಡ ಸರ್ಕಾರದ ವಸ್ತುಸಂಗ್ರಹಾಲಯವಾಯಿತು. ಇವತ್ತು ಅಲ್ಲಿ ವಿಗ್ರಹಗಳಿವೆ, ವೀರಗಲ್ಲುಗಳಿವೆ, ಆರಾಧನೆ ಇಲ್ಲ. ಆನಂದಪುರದ್ದು ಹಾಗಾಗಲಿಲ್ಲ. 1914ರ ಯುದ್ಧದಲ್ಲಿ ಜರ್ಮನ್ ಪಾದ್ರಿಗಳನ್ನು ಸರ್ಕಾರ ಹಿಡಿದಿಟ್ಟು ಹೊರಗೆ ಕಳಿಸಿದಾಗಲೂ ಸಭೆ ಮುರಿಯಲಿಲ್ಲ. ಕಟ್ಟಿಸಿದವರು ಹೋದರೂ ಕೂರುವವರು ಊರಲ್ಲೇ ಇದ್ದರು.

ಮೈಸೂರು ಸೀಮೆಯಲ್ಲಿ ಕೆಲಸ ಮಾಡಿದ್ದು ಬಾಸೆಲ್ಲಿನವರಲ್ಲ, ಇಂಗ್ಲೆಂಡಿನ ವೆಸ್ಲಿಯನ್ ಮಿಷನ್ನಿನವರು. ಮೋಗ್ಲಿಂಗರ ಕೊಡಗಿನ ಪುಸ್ತಕವನ್ನು 1855ರಲ್ಲಿ ಅಚ್ಚು ಹಾಕಿದ್ದೂ ಬೆಂಗಳೂರಿನ ವೆಸ್ಲಿಯನ್ನರ ಮುದ್ರಣಾಲಯವೇ. ಈಗ ಎರಡೂ ಕಡೆಯ ಸಭೆಗಳು ಸಿ.ಎಸ್.ಐ.ನ ಮಂಗಳೂರು ಕೇಂದ್ರದ ದಕ್ಷಿಣ ಸಭಾಪ್ರಾಂತಕ್ಕೆ ಸೇರಿವೆ. ನಂಜನಗೂಡು, ನರಸೀಪುರದ ಕಡೆಯ ಕ್ರೈಸ್ತರಿಗೆ ಆನಂದಪುರದವರು ದೂರದವರೇನಲ್ಲ.

ಸರ್ಟಿಫಿಕೇಟಿನ ತೊಡಕು

ತೊಡಕೂ ಇಬ್ಬರಿಗೂ ಒಂದೇ. 1950ರ ರಾಷ್ಟ್ರಪತಿ ಆದೇಶದಂತೆ ಪರಿಶಿಷ್ಟ ಜಾತಿಯ ಪಟ್ಟಿ ಮೊದಲು ಹಿಂದೂಗಳಿಗೆ ಮಾತ್ರ. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದರು. ಕ್ರೈಸ್ತರನ್ನು ಸೇರಿಸಲಿಲ್ಲ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರಿಗೆ ಹಿಂದುಳಿದವರ ಪ್ರವರ್ಗ-1ರ ಸರ್ಟಿಫಿಕೇಟು ಸಿಗುತ್ತದೆ. ಓದಿಗೆ, ಕೆಲಸಕ್ಕೆ ಅಷ್ಟೋ ಇಷ್ಟೋ ಅನುಕೂಲ. ಆದರೆ ಪರಿಶಿಷ್ಟರ ಮೀಸಲು ಕ್ಷೇತ್ರದಲ್ಲಿ ಚುನಾವಣೆಗೆ ನಿಲ್ಲುವಂತಿಲ್ಲ. ಯಾರಾದರೂ ಜಾತಿ ಹಿಡಿದು ಹೊಡೆದರೆ ದೌರ್ಜನ್ಯ ತಡೆ ಕಾಯಿದೆಯ ರಕ್ಷಣೆಯೂ ಇಲ್ಲ. ಹೊಡೆಯುವವನು ಮಾತ್ರ ಯಾವ ಚರ್ಚಿಗೆ ಹೋಗುತ್ತೀಯೆಂದು ಕೇಳಿ ಹೊಡೆಯುವುದಿಲ್ಲ.

ಈ ಆದೇಶವನ್ನು ಪ್ರಶ್ನಿಸಿದ ಅರ್ಜಿ 2004ರಲ್ಲಿ ಸುಪ್ರೀಂ ಕೋರ್ಟು ಮುಟ್ಟಿತು. ಸೇರಿಸಬಹುದೆಂದು ರಂಗನಾಥ ಮಿಶ್ರಾ ಆಯೋಗ 2007ರಲ್ಲಿ ಹೇಳಿತು. ಕೇಂದ್ರ ಅದನ್ನು ಒಪ್ಪದೆ 2022ರ ಅಕ್ಟೋಬರಿನಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಇನ್ನೊಂದು ಆಯೋಗ ನೇಮಿಸಿತು. ಎರಡು ವರ್ಷದ ಗಡುವಿತ್ತು. ಗಡುವು ಮುಗಿದಾಗ ವರದಿ ಬರಲಿಲ್ಲ, ವಿಸ್ತರಣೆ ಬಂತು.