ಚಂದ್ರಪತಂಗದ ಬಾಲ

ಜೂನ್ ಕೊನೆಯ ಒಂದು ಬೆಳಿಗ್ಗೆ. ಸಾಗರದ ಬಳಿಯ ಹಂಚಿನ ಮನೆಯೊಂದರ ಜಗುಲಿ ಗೋಡೆಗೆ ಯಾರೋ ಎಳೆ ಬಾಳೆಸುಳಿಯ ಚೂರು ಅಂಟಿಸಿದ್ದಾರೆ ಅನ್ನಿಸಿತು. ಹತ್ತಿರ ಹೋದರೆ ಅದು ಅಂಗೈಗಿಂತ ಅಗಲದ ಚಂದ್ರಪತಂಗ. ರಾತ್ರಿ ಹಚ್ಚಿಟ್ಟ ಬಲ್ಬು ಅದರ ನೆತ್ತಿಯ ಮೇಲೆ ಇನ್ನೂ ಉರಿಯುತ್ತಿತ್ತು.

ಹಾಲು ಬೆರೆಸಿದಂಥ ತಿಳಿಹಸಿರು ಬಣ್ಣ. ಮುಂದಿನ ರೆಕ್ಕೆಗಳ ಮೇಲಂಚಿನಲ್ಲಿ ಸೀರೆಯ ಅಂಚಿನ ಹಾಗೆ ಒಂದು ಕೆಂಗಂದು ಗೆರೆ, ಕತ್ತಿನ ಮೇಲೆ ಹಾದು ಎರಡೂ ಬದಿಯನ್ನು ಕೂಡಿಸುತ್ತದೆ. ನಾಲ್ಕೂ ರೆಕ್ಕೆಗಳಲ್ಲಿ ಒಂದೊಂದು ಕಣ್ಣಿನ ಗುರುತು, ಅದರ ಒಂದು ಪಕ್ಕಕ್ಕೆ ಬಿದಿಗೆಯ ಚಂದ್ರನಂಥ ಕಪ್ಪು. ಮೈಯೆಲ್ಲ ಬಿಳಿ ಅರಳೆ. ಹಿಂದಿನ ರೆಕ್ಕೆಗಳಿಂದ ಇಳಿಬಿದ್ದ ಎರಡು ಉದ್ದನೆಯ ಬಾಲಗಳು ತುದಿಯಲ್ಲಿ ಸ್ವಲ್ಪ ತಿರುಚಿಕೊಂಡಿರುತ್ತವೆ.

ಜರ್ಮನಿಯ ಯಾಕೋಬ್ ಹ್ಯೂಬ್ನರ್ 1807ರಲ್ಲಿ ಇದಕ್ಕೆ ಗ್ರೀಕರ ಚಂದ್ರದೇವತೆ ಸೆಲೀನಿಯ ಹೆಸರಿಟ್ಟ. ಟಸ್ಸಾರ್, ಮೂಗಾ ರೇಷ್ಮೆ ಕೊಡುವ ಕಾಡುಹುಳುಗಳದ್ದೇ ಕುಟುಂಬ ಇದರದ್ದೂ. ಅಫ್ಘಾನಿಸ್ತಾನ, ಪಾಕಿಸ್ತಾನದ ಕಡೆಯಿಂದ ಹಿಮಾಲಯದ ತಪ್ಪಲು ಹಿಡಿದು ನೇಪಾಳ, ಮ್ಯಾನ್ಮಾರ್, ಥಾಯ್ಲೆಂಡ್, ವಿಯೆಟ್ನಾಂವರೆಗೆ, ತೆಂಕಣಕ್ಕೆ ನಮ್ಮ ಘಟ್ಟ ಇಳಿದು ಶ್ರೀಲಂಕಾವರೆಗೆ ಇದರ ಸೀಮೆ. ಚೀನಾದ ಹಸಿರು ಪತಂಗವನ್ನೂ ಹಿಂದೆ ಇದೇ ಎನ್ನುತ್ತಿದ್ದರು. ಈಗ ಅದು ಬೇರೆ ಪ್ರಭೇದ. ಅಂಡಮಾನಿನದೂ ಬೇರೆಯೇ. ಇಷ್ಟು ದೂರ ಹಬ್ಬಲು ಹುಳುವಿನ ಹೊಟ್ಟೆಯೂ ಒಂದು ಕಾರಣ ಇರಬೇಕು: ಅತ್ತ ಅಕ್ರೋಟಿನ ಎಲೆಯೂ ಸರಿ, ಇತ್ತ ಪೇರಲೆ, ದಾಸವಾಳವೂ ಸರಿ.

ತಿನ್ನುವುದೆಲ್ಲ ಹುಳುವಾಗಿದ್ದಾಗಲೇ. ಎಲೆ ಸೇರಿಸಿ ನೇಯ್ದ ಕಂದು ಗೂಡಿನಿಂದ ಹೊರಬಂದ ಪತಂಗಕ್ಕೆ ಉಣ್ಣುವ ಬಾಯಿಲ್ಲ. ಕೂಡಿಟ್ಟ ಕೊಬ್ಬು ಕರಗುವವರೆಗೆ, ಹೆಚ್ಚುಕಡಿಮೆ ಒಂದು ವಾರ, ಬದುಕು. ಹೆಣ್ಣು ಕತ್ತಲಲ್ಲಿ ವಾಸನೆ ಬಿಡುತ್ತದೆ, ಗಂಡು ಗರಿಯಂಥ ಮೀಸೆಯಿಂದ ಅದನ್ನು ಹಿಡಿದು ದೂರದಿಂದ ಬರುತ್ತದೆ.

ದಾರಿಯಲ್ಲಿ ಬಾವಲಿಗಳಿವೆ. ಅಲ್ಲಿಯೇ ಬಾಲದ ಕೆಲಸ. ಅಮೆರಿಕದ ಬಾಯ್ಸಿ ಸ್ಟೇಟ್ ವಿಶ್ವವಿದ್ಯಾಲಯದವರು ಇದರ ದಾಯಾದಿ ಲೂನಾ ಪತಂಗವನ್ನು ಬಾವಲಿಗಳ ಮುಂದೆ ಹಾರಿಸಿ 2015ರಲ್ಲಿ ಬರೆದರು: ಬಾಲವಿದ್ದವುಗಳಲ್ಲಿ ಸಿಕ್ಕಿಬಿದ್ದದ್ದು ಶೇ 35ರಷ್ಟು, ಬಾಲ ಕತ್ತರಿಸಿದವುಗಳಲ್ಲಿ ಶೇ 81. ಹಾರುವಾಗ ಗಿರಕಿ ಹೊಡೆಯುವ ಬಾಲದ ಪ್ರತಿಧ್ವನಿ ಬಾವಲಿಯ ಗುರಿಯನ್ನು ಮೈಯಿಂದ ಬಾಲದ ಕಡೆಗೆ ಎಳೆಯುತ್ತದೆ. ಬಾಲ ಹರಿದರೂ ಪತಂಗ ಹಾರಿಹೋಗುತ್ತದೆ. ನಾವು ಸೊಗಸೆಂದು ನೋಡುವುದು ಅದರ ಜೀವ ಕಾಯುವ ಅಂಗ.

ಬಲ್ಬಿಗೆ ಮಾತ್ರ ಅದರಲ್ಲಿ ಯಾವ ಉಪಾಯವೂ ಇಲ್ಲ. ಏಳೆಂಟು ರಾತ್ರಿಗಳ ಆಯುಸ್ಸಿನಲ್ಲಿ ಒಂದನ್ನು ಜಗುಲಿಯ ಬೆಳಕು ನುಂಗಿದರೆ ಅದು ಸಣ್ಣ ನಷ್ಟವಲ್ಲ. ಅಂದು ಸ್ವಿಚ್ ಆರಿಸಿ, ಪತಂಗವನ್ನು ಕಡ್ಡಿಗೆ ಹತ್ತಿಸಿಕೊಂಡು ಪೇರಲೆ ಮರದ ನೆರಳಿಗೆ ಬಿಟ್ಟೆ. ತಿರುಗಿ ಬಂದಾಗ ಕಂಡದ್ದು ಗೋಡೆ. ಅದು ಕೂತಿದ್ದ ಜಾಗದ ಕೆಳಗೆ, ಬರಿಯ ಸುಣ್ಣದ ಮೇಲೆ, ಸಾಸಿವೆಗಿಂತ ತುಸು ದಪ್ಪನೆಯ ಹನ್ನೊಂದು ಮೊಟ್ಟೆ ಅಂಟಿಕೊಂಡಿದ್ದವು. ದಾಸವಾಳದ ಗಿಡ ಹತ್ತು ಹೆಜ್ಜೆ ಆಚೆಗಿತ್ತು.